ಕೂಸು, ಬಿ.ಕಾಂ. ಮೊದಲ ಸೆಮಿಸ್ಟರ್

ಹೊಸದಾಗಿ ಕಾಲೇಜು ಸೇರಿದ ವಿದ್ಯಾರ್ಥಿಗಳು ಗಾಬರಿಯಾಗಿದ್ದಾರೆ ಎಂಬ ಸಂಗತಿಯನ್ನು ವಿಶ್ವವಿದ್ಯಾಲಯವು ಸಮಿತಿಯೊಂದರ ಮೂಲಕ ಅಧಿಕೃತವಾಗಿ ಕಂಡುಹಿಡಿಯಿತು. ಸಮಿತಿಯ ವರದಿ ಕೈಸೇರುವ ಹೊತ್ತಿಗೆ ಗಾಬರಿಯಾದವರೆಲ್ಲ ಡಿಗ್ರಿ ಮುಗಿಸಿ ಮನೆಗೆ ಹೋಗಿದ್ದರು. ಆದ್ದರಿಂದ ಮುಂದೆ ಗಾಬರಿಯಾಗಲಿರುವವರಿಗೆ ಅನ್ವಯವಾಗುವಂತೆ ‘ನೂತನ ವಿದ್ಯಾರ್ಥಿ ಆಪ್ತ ಮಾರ್ಗದರ್ಶನ ಯೋಜನೆ’ ಜಾರಿಗೆ ಬಂತು.

ಹೊಸನಗರದ ಬಿದನೂರು ನಾಡು ಪದವಿ ಕಾಲೇಜಿನಲ್ಲಿ ಈ ಯೋಜನೆ ಶ್ರೀಗೌರಿ ಮೇಡಂ ತಲೆಗೆ ಬಿತ್ತು. ಮೇಡಂ ಅತಿಥಿ ಉಪನ್ಯಾಸಕಿ. ಬಂದು ವರ್ಷಗಳೇ ಆದರೂ ಇನ್ನೂ ಅತಿಥಿ. ಈ ಅತಿಥಿಯನ್ನು ಮುಂದಿನ ವರ್ಷವೂ ಕರೆಯಬೇಕೋ ಬೇಡವೋ ಎಂಬುದು ಮಾರ್ಗದರ್ಶನ ವರದಿಯನ್ನು ಅವಲಂಬಿಸಿದೆ ಎಂದು ಪ್ರಿನ್ಸಿಪಾಲ್ ಚಂದ್ರಯ್ಯನವರು ಪ್ರೀತಿಯಿಂದಲೇ ತಿಳಿಸಿದ್ದರು. ವರದಿ ಬರೆಯುವ ಕ್ರಮವನ್ನು ಸುತ್ತೋಲೆಯೇ ಹೇಳಿತ್ತು: “ವಿದ್ಯಾರ್ಥಿ, ವಿದ್ಯಾರ್ಥಿನಿ ಮುಂತಾದ ಒಣ ಪದಗಳನ್ನು ಬಳಸತಕ್ಕದ್ದಲ್ಲ. ಮಾರ್ಗದರ್ಶಕರು ತಮ್ಮ ಮನೆಯಲ್ಲಿ ಮಕ್ಕಳನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಕರೆದು, ಬರಹದಲ್ಲಿ ಆಪ್ತತೆ ಎದ್ದು ಕಾಣುವಂತೆ ನೋಡಿಕೊಳ್ಳತಕ್ಕದ್ದು.”

ಮೇಡಂ ಪಾಲಿಗೆ ಬಂದವಳು ಸುಮನಾ. ಅಣೆಕಟ್ಟೆಯ ಹಿನ್ನೀರಿನ ಆಚೆ ದಡದ ಹಳ್ಳಿಯ ಕೆರಿಯಪ್ಪ, ದುಗ್ಗಮ್ಮರ ಮಗಳು, ಲೆಕ್ಕಶಾಸ್ತ್ರ ಎಂದರೆ ಪ್ರಾಣ ಬಿಡುವ ಹುಡುಗಿ. ಆದರೆ ಲೆಕ್ಕಶಾಸ್ತ್ರದ ಕ್ಲಾಸು ಶುರುವಾಗುವ ಹೊತ್ತಿಗೆ ಸರಿಯಾಗಿ ಅವಳ ಊರಿನ ಕಡೇ ಬಸ್ಸು ಹೊರಡುತ್ತಿತ್ತು. ಹಾಸ್ಟೆಲ್‌ನವರು ನಕಾಶೆ ಹಾಸಿ, ಹಿನ್ನೀರಿನ ಮೇಲೆ ನೆಟ್ಟಗೆ ಗೆರೆ ಎಳೆದು, ನಿನ್ನ ಊರು ಹತ್ತಿರವೇ ಇದೆಯಮ್ಮ, ಸೀಟು ಕೊಡಲು ಬರುವುದಿಲ್ಲ ಎಂದಿದ್ದರು. ಆ ಗೆರೆಯ ಮೇಲೆ ನಡೆದು ಬರಲು ಹುಡುಗಿಗೆ ಗೊತ್ತಿರಲಿಲ್ಲ.

“ಇಲ್ಲಿ ಉಳಿಯಕ್ಕೆ ಜಾಗ ಸಿಕ್ರೆ ಓದು, ಇಲ್ದಿದ್ರೆ ತೀರ್ಥಹಳ್ಳಿಲಿ ಮಾವನ ಚಪ್ಪಲಿ ಅಂಗ್ಡಿಗೆ ಹೋಗು ಅಂದಿದಾರೆ ಅಪ್ಪ,” ಎಂದು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು.

ಮೇಡಂ ಸಾಗರದ ಕಡೆಯ ಹವ್ಯಕರ ಮನೆಯವರು. ಕರುಳು ಚುರುಕ್ ಅಂದಾಗ ಅವರ ಬಾಯಲ್ಲಿ ಮನೆಮಾತೇ ಬರುವುದು. “ಅಳಡ ಕೂಸೇ, ಎಂತಾರೂ ಮಾಡನ,” ಎಂದು ಸಮಾಧಾನ ಮಾಡಿದರು. ಅವರ ಮನೆಯಲ್ಲಿ ಹುಡುಗಿಯರೆಲ್ಲ ಕೂಸುಗಳೇ. ಮದುವೆಗೆ ಬಂದವಳೂ ಕೂಸು, ಬ್ಯಾಂಕಿನಲ್ಲಿ ಮ್ಯಾನೇಜರ್ ಆದವಳೂ ಕೂಸು. ಹೀಗಾಗಿ ಸುತ್ತೋಲೆಯ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿ ಮೇಡಂ ವರದಿ ಕಳಿಸಿದರು: “ನನ್ನ ಪಾಲಿಗೆ ಒಂದು ಕೂಸು ಬಂದಿದೆ. ಪಾಪ, ಬಹಳ ಅಳುತ್ತದೆ. ಕಾಲೇಜಿನಲ್ಲಿ ಕೂಸಿಗೆ ರಾತ್ರಿ ಮಲಗಲು ಜಾಗವಿಲ್ಲ. ದಯವಿಟ್ಟು ತುರ್ತಾಗಿ ಏನಾದರೂ ಮಾಡಿ.”

ವಿಶ್ವವಿದ್ಯಾಲಯದಲ್ಲಿ ಈ ವರದಿಯನ್ನು ಓದಿದವರು ಯೋಜನಾಧಿಕಾರಿ ಕಾಂತರಾಜ್. ಅವರು ಬಯಲುಸೀಮೆಯವರು. ಅವರ ಊರಿನಲ್ಲಿ ಕೂಸು ಎಂದರೆ ತೊಟ್ಟಿಲಲ್ಲಿರುವುದು. ಅನಾಥ ಶಿಶುವೊಂದು ಕಾಲೇಜಿನ ಜಗಲಿಯಲ್ಲಿ ಮಲಗಿರುವ ದೃಶ್ಯ ಕಣ್ಣಿಗೆ ಕಟ್ಟಿ, ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಡತವನ್ನು ಬಂದ ದಿನವೇ ವಿಲೇವಾರಿ ಮಾಡಿದರು. ಹೊಸನಗರದ ಕಾಲೇಜಿಗೆ ಶಿಶುಪಾಲನಾ ಕೇಂದ್ರ ಮಂಜೂರಾಯಿತು. ತೊಟ್ಟಿಲು, ರಾಗಿಸರಿ, ಗಿಲಕಿ, ತೂಕದ ಯಂತ್ರ, ಜೊತೆಗೆ ಹುಲಿಯಮ್ಮ ಎಂಬ ಆಯಾ ಎಲ್ಲ ಒಂದೇ ವ್ಯಾನಿನಲ್ಲಿ ಬಂದಿಳಿದವು.

ಶ್ರೀಗೌರಿ ಪ್ರಿನ್ಸಿಪಾಲರ ಬಳಿಗೆ ಓಡಿದರು. “ಸರ್, ಎಡವಟ್ಟಾಗಿದೆ. ಅವರು ಎಳೇ ಮಗು ಅಂದ್ಕೊಂಡಿದಾರೆ. ವಾಪಸ್ ಕಳಿಸಿ ಸರ್.”

ಚಂದ್ರಯ್ಯನವರು ಗಿಲಕಿಯನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದರು. “ವಾಪಸ್ಸಾ? ಎಂಥ ಮಾತು ಅಂತ ಆಡ್ತೀರಿ ಮೇಡಂ! ಮಂಜೂರಾದದ್ದು ವಾಪಸ್ ಹೋದ್ರೆ ಮುಂದೆ ಒಂದು ಪೊರಕೆನೂ ಕೊಡಲ್ಲ ಅವರು. ಈಗ ಹೇಳಿ, ಕೇಂದ್ರದಲ್ಲಿ ಕೋಣೆ ಇದೆಯಾ?”

“ಇದೆ ಸರ್.”

“ಕೂಸಿದೆಯಾ?”

“ಇದೆ... ಅಂದ್ರೆ...”

“ಮತ್ತೆ? ಸೇರಿಸ್ಕೊಳಿ.”

ಹೀಗೆ ಸುಮನಾ ತನ್ನ ಟ್ರಂಕಿನೊಂದಿಗೆ ಶಿಶುಪಾಲನಾ ಕೇಂದ್ರಕ್ಕೆ ದಾಖಲಾದಳು. ಬಸ್ಸಿನ ಚಿಂತೆ ತಪ್ಪಿತು, ಲೆಕ್ಕಶಾಸ್ತ್ರ ಸಿಕ್ಕಿತು. ತೊಟ್ಟಿಲಿನಲ್ಲಿ ಪುಸ್ತಕ ಜೋಡಿಸಿದಳು, ರಾಗಿಸರಿ ಕುಡಿದು ಕೆನ್ನೆ ತುಂಬಿಕೊಂಡಳು. ಹುಲಿಯಮ್ಮನಿಗಂತೂ ಈ ಕೂಸು ಬಹಳ ಹಿಡಿಸಿತು. ಎತ್ತಿಕೊಳ್ಳುವ ಕೆಲಸವಿಲ್ಲ, ಒಗೆಯುವ ಬಟ್ಟೆಯಿಲ್ಲ, ಅಷ್ಟೇ ಅಲ್ಲ, ಅದೇ ಎದ್ದು ಬೆಳಗಿನ ಚಾ ಕಾಸಿ ಕೊಡುತ್ತಿತ್ತು. ಆದರೆ ಹುಲಿಯಮ್ಮ ಸುಳ್ಳು ಹೇಳುವ ಹೆಂಗಸಲ್ಲ. ವಿಶ್ವವಿದ್ಯಾಲಯದಿಂದ ಫೋನು ಬಂದಾಗಲೆಲ್ಲ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು.

“ಊಟ ತಿಂಡಿಗೆ ಏನೂ ತಕರಾರಿಲ್ಲ ಸ್ವಾಮಿ. ಆದ್ರೆ ರಾತ್ರಿ ನಿದ್ದೇನೇ ಮಾಡಲ್ಲ. ಒಂದೇ ಸಮ ಏನೋ ಗುಣುಗುಣು ಅಂತಿರ್ತದೆ.”

ಪರೀಕ್ಷೆ ಹತ್ತಿರ ಬಂದಿತ್ತು, ಅಷ್ಟೇ. ವಿಶ್ವವಿದ್ಯಾಲಯವು ಮಕ್ಕಳ ತಜ್ಞರನ್ನು ಸಂಪರ್ಕಿಸಿ ಉತ್ತರ ಕಳಿಸಿತು: “ಹಲ್ಲು ಬರುತ್ತಿರಬಹುದು. ಗಾಬರಿಪಡತಕ್ಕದ್ದಲ್ಲ.”

ಇಷ್ಟರಲ್ಲಿ ಸಾಗರದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಕಾಲೇಜೊಂದರ ಹರಿಪ್ರಸಾದ್ ಮೇಷ್ಟ್ರು ತಮ್ಮ ಹುಡುಗನ ಬಗ್ಗೆ ‘ಮಾಣಿ ಬಹಳ ಚುರುಕು’ ಎಂದು ವರದಿ ಬರೆದಿದ್ದರಂತೆ. ಹವ್ಯಕರಲ್ಲಿ ಮಾಣಿ ಎಂದರೆ ಹುಡುಗ, ಬಯಲುಸೀಮೆಯ ಹೋಟೆಲುಗಳಲ್ಲಿ ಮಾಣಿ ಎಂದರೆ ತಿಂಡಿ ತಂದಿಡುವವನು. ಹುಡುಗನನ್ನು ಕ್ಯಾಂಟೀನಿಗೆ ನಿಯೋಜಿಸಿ ಆದೇಶವಾಗಿದೆ, ಅವನೀಗ ಬೆಳಗ್ಗೆ ಇಡ್ಲಿ ಕೊಟ್ಟು ಮಧ್ಯಾಹ್ನ ಇತಿಹಾಸ ಓದುತ್ತಿದ್ದಾನೆ. ಇದನ್ನು ಕೇಳಿ ಶ್ರೀಗೌರಿಗೆ ಹೊಸ ಚಿಂತೆ ಹತ್ತಿತು. ಎರಡೂ ವರದಿ ಓದಿದ ಯಾರಾದರೂ ಒಬ್ಬ ಬುದ್ಧಿವಂತ ತಾಳೆ ಹಾಕಿದರೆ ತನ್ನ ಕಥೆ ಮುಗಿಯಿತು, ಅದಕ್ಕಿಂತ ಹೆಚ್ಚಾಗಿ ಸುಮನಾಳದು ಮುಗಿಯಿತು. ಆದರೆ ವಿಶ್ವವಿದ್ಯಾಲಯದಲ್ಲಿ ಒಂದೊಂದನ್ನು ಓದುವವರು ಬೇರೆಬೇರೆ ಶಾಖೆಯವರಾದ್ದರಿಂದ ಅಂಥದ್ದೇನೂ ಆಗಲಿಲ್ಲ. ಬದಲಿಗೆ ಕಾಂತರಾಜ್ ಅವರೇ ತಪಾಸಣೆಗೆ ಬಂದರು.

ಬರುವಾಗ ಒಂದು ಸಣ್ಣ ಕುಲಾವಿಯನ್ನೂ ತಂದಿದ್ದರು, ಪುಣ್ಯಾತ್ಮ. ಕೇಂದ್ರದ ಬಾಗಿಲಲ್ಲಿ ನಿಂತು, “ಎಲ್ಲಿ ಕೂಸು?” ಎಂದರು. ಟ್ರಂಕಿನ ಮೇಲೆ ಕೂತಿದ್ದ ಸುಮನಾ ಎದ್ದು ನಿಂತಳು.

ಶ್ರೀಗೌರಿಗೆ ಇನ್ನು ತಡೆಯಲಾಗಲಿಲ್ಲ. “ಸರ್, ತಪ್ಪು ನಂದು. ನಮ್ಮ ಕಡೆ ಕೂಸು ಅಂದ್ರೆ ಹುಡುಗಿ. ಈ ಹುಡುಗಿಗೆ ಉಳಿಯಕ್ಕೆ ಜಾಗ ಇರಲಿಲ್ಲ. ಬೇಕಾದ್ರೆ ನನ್ನನ್ನ ತೆಗೀರಿ, ಅವಳನ್ನ ಮಾತ್ರ ಕಳಿಸ್ಬೇಡಿ ಸರ್,” ಎಂದು ಒಂದೇ ಉಸಿರಿಗೆ ಹೇಳಿ ಕಣ್ಣೊರೆಸಿಕೊಂಡರು.

ಕಾಂತರಾಜ್ ಕುಲಾವಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಬೆಂಗಳೂರಿನ ವಿಚಾರಸಂಕಿರಣದಲ್ಲಿ ಈ ಕೂಸಿನ ಬಗ್ಗೆ ಅವರು ಪ್ರಬಂಧ ಮಂಡಿಸಿ, ಶಾಲು ಹೊದಿಸಿಕೊಂಡು ಬಂದು ಇನ್ನೂ ವಾರವಾಗಿರಲಿಲ್ಲ.

“ಮೇಡಂ,” ಎಂದರು ನಿಧಾನವಾಗಿ, “ನೀವೀಗ ಹೇಳಿದ್ದು ಬಾಯಿಮಾತು. ಬಾಯಿಮಾತು ಕಡತಕ್ಕೆ ಹತ್ತೋದಿಲ್ಲ. ಕಡತದಾಗ ಇರೋದು ಕೂಸು.” ಕುರ್ಚಿ ಎಳೆದು ಕೂತು, ಬೆಳವಣಿಗೆಯ ತಪಾಸಣೆ ಶುರುಮಾಡಿದರು. “ಹೆಸರು ಹಿಡಿದು ಕರೆದರೆ ತಿರುಗುವುದೇ? ಸುಮನಾ!”

ಸುಮನಾ ತಿರುಗಿದಳು.

“ತಿರುಗುವುದು. ಆಸರೆಯಿಲ್ಲದೆ ನಿಲ್ಲುವುದೇ? ನಿಂತದೆ. ಎರಡು ಪದ ಕೂಡಿಸಿ ಮಾತಾಡುವುದೇ? ಏನಾರ ಮಾತಾಡವ್ವ.”

“ಡೆಬಿಟ್ಟು, ಕ್ರೆಡಿಟ್ಟು,” ಎಂದಳು ಸುಮನಾ, ಹೆದರಿಕೆಯಲ್ಲಿ ಬೇರೇನೂ ಹೊಳೆಯದೆ.

“ಭೇಷ್!” ಎಂದರು ಕಾಂತರಾಜ್. ಬಳಿಕ “ಕೂಸಿನ ಬೆಳವಣಿಗೆ ನಿರೀಕ್ಷೆಗೆ ಮೀರಿದ್ದು, ಆರೈಕೆ ಮಾದರಿಯಾಗಿದೆ” ಎಂದು ಷರಾ ಬರೆದು, ಕುಲಾವಿಯನ್ನು ದಾಸ್ತಾನಿಗೆ ಸೇರಿಸಿ ಹೊರಟುಹೋದರು.

ಆ ಷರಾದ ಬಲದಿಂದ ಶ್ರೀಗೌರಿ ಮುಂದಿನ ವರ್ಷಕ್ಕೂ ಅತಿಥಿಯಾದರು. ಇತರ ಕಾಲೇಜುಗಳೂ ತಮ್ಮ ಕೂಸುಗಳನ್ನು ಇದೇ ಎತ್ತರಕ್ಕೆ ಬೆಳೆಸತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಹಿಂದೆಯೇ ಕೇಂದ್ರದ ನಿಯಮಾವಳಿಯೂ ಬಂತು. ದುಗ್ಗಮ್ಮ, ಕೆರಿಯಪ್ಪ ಮಗಳನ್ನು ನೋಡಲು ಬಂದಿದ್ದ ದಿನವೇ ಮೇಡಂ ಅದನ್ನು ಎಲ್ಲರೆದುರು ಓದಿದರು: ಕೂಸನ್ನು ಮೂರು ವರ್ಷದವರೆಗೆ ಮಾತ್ರ ಇಟ್ಟುಕೊಳ್ಳತಕ್ಕದ್ದು.

“ಅಬ್ಬ! ಡಿಗ್ರಿಗೂ ಮೂರೇ ವರ್ಷ,” ಎಂದು ಮೇಡಂ ಉಸಿರು ಬಿಟ್ಟರು.

“ಆಮೇಲೆ?” ಎಂದ ಕೆರಿಯಪ್ಪ.

ಮೇಡಂ ಮುಂದಿನ ಸಾಲು ಓದಿದರು. “ಮೂರು ವರ್ಷ ತುಂಬಿದ ಕೂಸನ್ನು ಅಂಗನವಾಡಿಗೆ ಸೇರಿಸತಕ್ಕದ್ದು.”

ಕೆರಿಯಪ್ಪ ಮುಖ ಸಣ್ಣದು ಮಾಡಿಕೊಂಡು ಹೆಂಡತಿಯ ಕಡೆ ನೋಡಿದ. ದುಗ್ಗಮ್ಮ ಮಾತ್ರ ಮಗಳ ತಲೆ ಸವರಿದಳು.

“ಸುಮ್ನಿರಿ ನೀವು. ನಮ್ಮ ಗುತ್ಯಪ್ಪನ ಮಗ ಡಿಗ್ರಿ ಮುಗ್ಸಿ ಎಲ್ಲೂ ಸೇರಕ್ಕಾಗ್ದೆ ಮನೇಲಿ ಕೂತಿದಾನೆ. ನಮ್ಮ ಹುಡ್ಗಿಗೆ ಈಗ್ಲೇ ಜಾಗ ಗೊತ್ತಾಗಿದೆ. ಅಲ್ಲಿ ದಿನಾ ಮೊಟ್ಟೆನೂ ಕೊಡ್ತಾರಂತೆ.”

ಕೆರಿಯಪ್ಪ ತಲೆಯಾಡಿಸಿದ. ಹುಲಿಯಮ್ಮ ಎಲ್ಲರಿಗೂ ರಾಗಿಸರಿ ಕೊಟ್ಟಳು.