ಗುಂಯ್ ಎಂಬ ಸದ್ದೂ ಅತ್ತೆಯ ಹಾಡೂ

ಅಂಗಡಿಯಿಂದ ತಂದ ಸಾಮಾನು ಕೆಟ್ಟರೆ ಒಂದು ಸುಖವಿದೆ. ಅಂಗಡಿಯವನ ಹತ್ತಿರ ಹೋಗಿ ಜಗಳವಾಡಬಹುದು. ಕೈಯಾರೆ ಮಾಡಿದ್ದು ಕೆಟ್ಟರೆ ಬೈಸಿಕೊಳ್ಳಲು ನಾವೇ ಗತಿ. ಬೈಯುವುದಕ್ಕೆ ಮನೆಯವರೂ ಧಾರಾಳವಾಗಿ ಕೈಜೋಡಿಸುತ್ತಾರೆ. ಚನ್ನಗಿರಿಯ ನಮ್ಮ ಮನೆಯ ಊಟದ ಮೇಜನ್ನು ಆಕ್ರಮಿಸಿರುವ ವಾಲ್ವ್ ಆಂಪ್ಲಿಫೈಯರು ಅಂಥದ್ದು. ಹಳೆಯ ರೇಡಿಯೋಗಳೊಳಗೆ ಗಾಜಿನ ಬುರುಡೆಗಳು ಕೆಂಪಗೆ ಉರಿಯುತ್ತಿದ್ದವಲ್ಲ, ಅವೇ ವಾಲ್ವುಗಳು. ಅವುಗಳಲ್ಲಿ ಹಾಡು ಕೇಳುವ ರುಚಿಯೇ ಬೇರೆ ಎಂದು ಹೆಂಡತಿ ಗಿರಿಜೆಯ ತಲೆ ತಿಂದು, ಕಟ್ಟಿ ಮುಗಿಸಿ, ಸ್ವಿಚ್ ಒತ್ತಿದೆ. ಹಾಡಿಗಿಂತ ಮೊದಲೇ ಗುಂಯ್ ಎಂಬ ಸದ್ದು ಬಂತು. "ಏನ್ರೀ ಇದು, ಒಳಗೆ ಜೇನು ಸಾಕೀರೇನು?" ಎಂದಳು.

ನನಗೆ ನಗು ಬರಲಿಲ್ಲ. ಅದನ್ನು ಕಟ್ಟಿದ್ದೇ ಒಂದು ಕ್ಯಾಸೆಟ್ಟಿಗಾಗಿ. ಗಿರಿಜೆಯ ತವರು ಜಗಳೂರಿನ ಕಡೆ. ಅವಳ ಅಣ್ಣ ಟೇಪ್‌ರೆಕಾರ್ಡರು ಕೊಂಡ ಹುರುಪಿನಲ್ಲಿ ಅವ್ವ ಹಾಡಿದ ಒಂದು ಪದ ಹಿಡಿದಿಟ್ಟಿದ್ದ. ಅತ್ತೆ ಈಗಿಲ್ಲ, ಅವರ ದನಿ ಎಂದು ಉಳಿದಿರುವುದು ಅದೊಂದೇ. ಇದ್ದಬದ್ದ ಪ್ಲೇಯರುಗಳಲ್ಲಿ ಹಾಕಿದರೂ ಸರಿಯಾಗಿ ಕೇಳುತ್ತಿರಲಿಲ್ಲ. ಗಿರಿಜೆ ಹತ್ತಿರ ಬಾಗಿ ಆಲಿಸಿ, "ಇರ್ಲಿ ಬಿಡ್ರಿ" ಎಂದು ಎದ್ದು ಹೋಗುತ್ತಿದ್ದಳು. ಆ "ಇರ್ಲಿ ಬಿಡ್ರಿ" ಕೇಳಲಾರದೆ ಒಂದು ದಿನ, ನಿಮ್ಮವ್ವನ ದನಿ ಚೊಕ್ಕವಾಗಿ ಕೇಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಸರಿ, ಆಂಪ್ಲಿಫೈಯರನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಹೊನ್ನಾಳಿಗೆ ಹೊರಟೆ. ಪಕ್ಕದ ಸೀಟಿನವರು ಒಳಗೆ ಕೂಸಿದೆ ಎಂದುಕೊಂಡು ಸರಿದು ಜಾಗ ಕೊಟ್ಟರು. ಅಲ್ಲಿ ರೇಡಿಯೋ ರಿಪೇರಿಯ ಬಶೀರ್ ಸಾಬರು ಅದರ ತಳ ಮಗುಚಿ ನೋಡಿ ನಕ್ಕರು. "ಏನ್ ಸಾರ್, ಅರ್ಥ್ ತಂತಿ ಸಿಕ್ಕಸಿಕ್ಕಲ್ಲೆಲ್ಲ ಕೊಟ್ಟೀರಿ! ಎಲ್ಲಾ ತಂದು ಒಂದೇ ಕಡೆ ಕೂಡಿಸ್ರಿ. ಟ್ರಾನ್ಸ್‌ಫಾರ್ಮರ್ ಆ ಮೂಲೆಗೆ ಸರಿಸ್ರಿ. ವಾಲ್ವ್ ಉರಿಸೋ ಈ ಎರಡು ತಂತಿ ಹಿಂಗೆ ಬಿಡಿಬಿಡಿ ಬಿಡಬ್ಯಾಡ್ರಿ, ಸೇರಿಸಿ ಹೊಸೀರಿ." ಅರ್ಥ್ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ನಾನು ಉದಾರವಾಗಿ ಕೊಟ್ಟಿದ್ದೆ. ಮನೆಗೆ ಬಂದು ತಂತಿ ಹೊಸೆಯಲು ಕೂತರೆ ಅದು ಬಿಚ್ಚಿಕೊಂಡು ಬಿಚ್ಚಿಕೊಂಡು ಅಣಕಿಸಿತು. "ಕೊಡ್ರಿ ಇಲ್ಲಿ, ದೀಪದ ಬತ್ತಿ ಹೊಸಿಯಾಕೆ ಬರೋರಿಗೆ ಇದೇನು ಮಹಾ" ಎಂದು ಗಿರಿಜೆ ಕಿತ್ತುಕೊಂಡು ಹೊಸೆದುಕೊಟ್ಟಳು.

ಗುಂಯ್ ಹೋಯಿತು! ಸ್ಪೀಕರಿಗೆ ಕಿವಿಯಿಟ್ಟರೂ ಸದ್ದಿಲ್ಲ. ಆದರೆ ಕ್ಯಾಸೆಟ್ ಹಾಕಿದರೆ ಅತ್ತೆಯ ದನಿಯ ಅಡಿಯಲ್ಲಿ ಏನೋ ಗುರ್ ಗುರ್. ನನಗೆ ರೇಗಿತು. ಗಿರಿಜೆ ಸಂತೆಗೆ ಹೋದ ಸಮಯ ನೋಡಿ, ದಪ್ಪ ಸದ್ದುಗಳನ್ನು ತಡೆದು ನಿಲ್ಲಿಸುವ ಪುಟ್ಟದೊಂದು ಕೆಪಾಸಿಟರನ್ನು ಬೆಸೆದೆ. ಗುರ್ ಗುರ್ ಮಾಯ. ಅತ್ತೆಯ ದನಿ ತೊಳೆದಿಟ್ಟ ಲೋಟದಷ್ಟು ಚೊಕ್ಕ. ಗಿರಿಜೆ ಬಂದವಳೇ ತರಕಾರಿ ಚೀಲ ಹಿಡಿದುಕೊಂಡೇ ಕೂತು ಕೇಳಿದಳು. ನಾನು ಶಭಾಷ್‌ಗಿರಿಗೆ ಕಾದು ನಿಂತೆ.

"ದನಿ ಅವ್ವಂದೇ," ಎಂದಳು. "ಆದ್ರೆ ಕಲ್ಲು ಎಲ್ಲಿ ಹೋತ್ರೀ?"

"ಯಾವ ಕಲ್ಲು?"

"ಬೀಸೋ ಕಲ್ಲು. ಸುಮ್ನೆ ಕುಂತು ಹಾಡು ಅಂದ್ರೆ ಅವ್ವಗೆ ನಾಚಿಕೆ, ಒಂದು ಸಾಲೂ ಬರ್ತಿರ್ಲಿಲ್ಲ. ಅದಕ್ಕೇ ಅಣ್ಣ ರಾಗಿ ಬೀಸೋವಾಗ ಟೇಪ್ ಮಾಡಿದ್ದ. ಎದುರಿಗೆ ಕುಂತು ಗೂಟ ಹಿಡ್ಕಂಡು ತಿರುವ್ತಿದ್ದೋಳು ನಾನೇ."

ಬೆಸುಗೆ ಕಡ್ಡಿ ಕಾಯಿಸಿ ಕೆಪಾಸಿಟರನ್ನು ಕಿತ್ತೆ. ಗುರ್ ಗುರ್ ಮರಳಿ ಬಂತು, ಅದರ ಮೇಲೆ ಅತ್ತೆಯ ದನಿ. ಗಿರಿಜೆ ಕಣ್ಣು ಮುಚ್ಚಿಕೊಂಡಿದ್ದಳು. ಬಲಗೈ ತನ್ನಷ್ಟಕ್ಕೆ ಮೆಲ್ಲಗೆ ಸುತ್ತುತ್ತಿತ್ತು. ಹಾಡಿನಲ್ಲಿ ಇದ್ದದ್ದು ಇಬ್ಬರು. ಅತ್ತೆಯನ್ನು ಕೇಳಿಸುವ ಭರದಲ್ಲಿ ನಾನು ಕಸವೆಂದು ಗುಡಿಸಿ ಹಾಕಿದ್ದು ನನ್ನ ಹೆಂಡತಿಯನ್ನೇ.