ಮಾವನ ಹಾಜರಿ ಪುಸ್ತಕ

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡಿರು. ಗಾಬರಿಯಾಗಬೇಡಿ, ಈ ಆರೋಪ ನನ್ನದಲ್ಲ! ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅಮ್ಮ, ನಾನು, ಮಾವ ಕೂತಿದ್ದಾಗ ಅತ್ತೆಯೇ ಬಾಯಿ ಬಿಟ್ಟು ಹೇಳಿದ್ದು.

“ಮೊದಲನೇದು ಆ ಸಾಲಿ. ನಾ ಎರಡನೇದಾಕಿ. ಮದುವ್ಯಾದಾಗಿಂದ ಈ ಮನಿಷ್ಯಾ ಎರಡನೇ ಸಲ ಸಾರು ಹಾಕಿಸ್ಕೊಂಡಿದ್ದು ನಾ ನೋಡಿಲ್ಲ! ಗಂಟಿ ಹೊಡಿಬೇಕು ಅಂತ ಎದ್ದು ಓಡೋದಾ.”

“ಐತ್ವಾರನೂ ಏನಣ್ಣಾ?” ಎಂದಳು ಅಮ್ಮ.

“ರೂಢಿ ತಪ್ಪಬಾರದವ್ವಾ,” ಎಂದರು ಮಾವ, ಕೈ ತೊಳೆಯಲು ಏಳುತ್ತಾ. ಅವತ್ತೂ ಐತ್ವಾರವೇ!

ಯಶವಂತನಗರದಾಚೆ, ಕೆಂಪು ಗುಡ್ಡಗಳ ನಡುವಿನ ಪುಟ್ಟ ಊರಿನಲ್ಲಿ ಮಾವ ಸರಕಾರಿ ಶಾಲೆಯ ಹೆಡ್ಮಾಸ್ತರು. ಯಾರೇ ಬರಲಿ, ಶಾಲೆಯ ಚರಿತ್ರೆ ಕೇಳಿದ ಮೇಲೇ ಚಹಾ. ಶಾಲೆ ಹುಟ್ಟಿದ್ದು ಹನುಮಪ್ಪನ ಗುಡಿಯ ಪೌಳಿಯಲ್ಲಿ. ಪೂಜಾರಪ್ಪ ಮಂಗಳಾರತಿಗೆ ಗಂಟೆ ಬಾರಿಸಿದರೆ ಮಕ್ಕಳು ಶಾಲೆ ಬಿಟ್ಟಿತೆಂದು ಮನೆಗೆ ಓಡುತ್ತಿದ್ದರಂತೆ! ಅಲ್ಲಿಂದ ಶೇಂಗಾ ಗೋದಾಮಿಗೆ ಬಂತು. ಅಷ್ಟು ಹಾಜರಾತಿ ಮತ್ತೆಂದೂ ಇರಲಿಲ್ಲ. ಮೂಲೆಯಲ್ಲಿ ಶೇಂಗಾ ಚೀಲವಿರುವಾಗ ಯಾವ ಮಗು ತಪ್ಪಿಸೀತು? ಕೊನೆಗೆ ಎರಡು ಸ್ವಂತ ಕೋಣೆಗಳಾದವು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರಿಗೆ ಮಾವ ಈ ಚರಿತ್ರೆ ಹೇಳಿ ಮುಗಿಸುವಷ್ಟರಲ್ಲಿ ಸಂಡೂರಿನ ಕೊನೆಯ ಬಸ್ಸು ಹೋಗಿತ್ತು. ಪಾಪ, ಮಾವನ ಮನೆಯಲ್ಲೇ ಉಳಿದು ಉಳಿದ ಭಾಗವನ್ನೂ ಕೇಳಿದರು! ಅದೇ ವರ್ಷ ಏಳನೇ ತರಗತಿ ಮಂಜೂರಾಯಿತು. ಅದು ಮಾವನ ಅರ್ಜಿಗೋ, ಸಾಹೇಬರ ಹೆದರಿಕೆಗೋ, ಹನುಮಪ್ಪನೇ ಬಲ್ಲ.

ಏಳನೇ ತರಗತಿಯ ಹಿಂದೆಯೇ ಗುಡ್ಡದ ಅದಿರು ಹೊರುವ ಲಾರಿಗಳೂ ಬಂದವು. ಊರಿಗೆ ಊರೇ ಅದಿರಿನ ಜರಡಿ ಹಿಡಿಯಲು ಹೊರಟಿತು, ಅಪ್ಪ ಅಮ್ಮಂದಿರ ಹಿಂದೆ ಮಕ್ಕಳೂ. ಏಳನೇ ತರಗತಿಯಲ್ಲಿ ಉಳಿದದ್ದು ನಾಲ್ಕು ಜನ. ಮಕ್ಕಳಿಲ್ಲದಿದ್ದರೆ ತರಗತಿ ಮುಚ್ಚುತ್ತೇವೆಂದು ಕಾಗದ ಬಂತು. ಮಾವ ಒಂದು ಹೆಸರನ್ನೂ ಹೊಡೆದುಹಾಕಲಿಲ್ಲ. ದಿನಾ ಇಡೀ ಪಟ್ಟಿ ಓದುವರು, ಖಾಲಿ ಜಾಗಗಳ ಉತ್ತರಕ್ಕೂ ಕಾಯುವರು.

ಕೊನೆಗೊಂದು ದಿನ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ನೇರ ಅದಿರಿನ ರಾಶಿಗಳ ಬಳಿಗೇ ಹೋದರು.

“ಇಲ್ಲಿ ಮಕ್ಕಳು ಮರಿ ಯಾರೂ ಇಲ್ರಿ ಮಾಸ್ತರ. ಜಲ್ದಿ ಹೊಂಡ್ರಿ, ಧೂಳು ಭಾಳ ಐತಿ,” ಎಂದ ಮೇಸ್ತ್ರಿ.

“ಇಲ್ಲಂದ್ರ ಇಲ್ಲ ಬಿಡ್ರಿ. ನಾ ಓದಿಕೊಂಡು ಹೊಕ್ಕೀನಿ.” ಮಾವ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಕೂಗಿದರು: “ಹನುಮಂತ!”

ರಾಶಿಯ ಹಿಂದಿನಿಂದ ತಟ್ಟನೆ ಬಂತು: “ಹಾಜರ್ರಿ ಸರ!”

“ಮಲ್ಲೇಶ!”

“ಹಾಜರ್ರಿ ಸರ!”

ಒಂದನೇ ತರಗತಿಯಿಂದ ಬಿದ್ದ ರೂಢಿ, ಬಾಯಿ ಸುಮ್ಮನಿದ್ದೀತೇ? ಮೇಸ್ತ್ರಿ “ಲೇ, ಬಾಯಿ ಮುಚ್ಚ್ರಲೇ!” ಎಂದು ಅರಚಿದಷ್ಟೂ ಒಂದೊಂದು ಗುಡ್ಡೆಯೂ ಹಾಜರಿ ಹೇಳಿತು. ಪಾರ್ವತಿ ಎಂದಾಗ ಮಗಳ ಜೊತೆ, ಅದೇ ಶಾಲೆಯಲ್ಲಿ ಕಲಿತ ಅವಳವ್ವನೂ “ಹಾಜರ್ರಿ ಸರ” ಅಂದು ನಾಲಿಗೆ ಕಚ್ಚಿಕೊಂಡಳಂತೆ! ಸುಳ್ಳು ಬಯಲಾಯಿತೆಂದು ಮೇಸ್ತ್ರಿ ಹೆದರಿ, ಹಾಜರಿ ಹೇಳಿದ ಮಕ್ಕಳನ್ನೆಲ್ಲ ಕಳಿಸಿಬಿಟ್ಟ. ತಲೆಯಿಂದ ಕಾಲಿನವರೆಗೆ ಕೆಂಪಾದ ಹನ್ನೊಂದು ಮಕ್ಕಳನ್ನು ಸಾಲು ಮಾಡಿಸಿಕೊಂಡು ಮಾವ ಊರಿಗೆ ಬಂದರು. ಏಳನೇ ತರಗತಿ ಉಳಿಯಿತು.

ಒಬ್ಬಳು ಮಾತ್ರ ಬರಲಿಲ್ಲ. ಹುಲಿಗೆಮ್ಮ ಎಂದು ಮಾವ ಮೂರು ಸಲ ಕೂಗಿದ್ದರು. ಅವಳವ್ವ ಕೈಯಿಂದ ಅವಳ ಬಾಯಿ ಒತ್ತಿ ಹಿಡಿದಿದ್ದಳು. ಜರಡಿಯ ಮೇಲೆ ಎರಡು ಕಣ್ಣಷ್ಟೇ ಕಾಣುತ್ತಿದ್ದವು. “ಮನ್ಯಾಗ ಸಣ್ಣವು ಮೂರು ಅದಾವ್ರಿ ಸರ,” ಎಂದಳಂತೆ ಆ ತಾಯಿ. ಮಾವ ಪುಸ್ತಕದಲ್ಲಿ ಗೈರು ಎಂದು ಬರೆಯಲಿಲ್ಲ, ಅವಳ ಹೆಸರಿನ ಮುಂದಿನ ಚೌಕ ಖಾಲಿ ಬಿಟ್ಟರು. ನಿವೃತ್ತಿಯ ದಿನದವರೆಗೂ ಆ ಹೆಸರು ಕೂಗಿದರು. ಮಕ್ಕಳು ಅದನ್ನು ಪ್ರಾರ್ಥನೆಯ ಭಾಗ ಎಂದುಕೊಂಡಿದ್ದವು.

ಲಾರಿಗಳು ನಿಂತು ಎಷ್ಟೋ ವರ್ಷಗಳ ಮೇಲೆ, ಒಂದು ಆಗಸ್ಟ್ ಹದಿನೈದಕ್ಕೆ ಶಾಲೆಯವರು ಮಾವನನ್ನು ಕರೆದಿದ್ದರು. ಅತ್ತೆಯೂ ನಾನೂ ಜೊತೆಗೆ ಹೋದೆವು. ಮಧ್ಯಾಹ್ನ ಮಕ್ಕಳ ಪಂಕ್ತಿಯಲ್ಲೇ ಕೂತೆವು. ಬಿಸಿಯೂಟದ ಅಡುಗೆಯಾಕೆ ಸಾರಿನ ಬಕೆಟ್ಟು ಹಿಡಿದು ಬಂದಳು.

“ನಿನ್ನ ಹೆಸರೇನವ್ವಾ?” ಎಂದರು ಮಾವ.

“ಹುಲಿಗೆಮ್ಮರಿ.”

ಮಾವ ಕನ್ನಡಕ ಏರಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪುಸ್ತಕ ಎದುರಿಗಿದ್ದಂತೆ ಕೂಗಿದರು: “ಹುಲಿಗೆಮ್ಮ!”

ಅವಳು ಬಕೆಟ್ಟು ಕೆಳಗಿಟ್ಟಳು. ಎರಡೂ ಕೈ ನೆಟ್ಟಗೆ ಮಾಡಿ ನಿಂತಳು.

“ಹಾಜರ್ರಿ ಸರ.”

ಅವತ್ತು ಮಾವ ಎರಡು ಸಲ ಸಾರು ಹಾಕಿಸಿಕೊಂಡರು.