ಏಳು ಮೆಟ್ಟಿಲಿನ ಮರ

ಮರ ಕೊಯ್ಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಮದುವೆಯಾದ ಮೊದಲ ದಿನದಿಂದ ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿಯಿಂದ ಹಲಸಿನಕಾಯಿಯವರೆಗೆ ಎಲ್ಲವನ್ನೂ ಹೆಚ್ಚಿದವಳು ನಾನು. ಹಲಸಿನಕಾಯಿಗೇ ಹೆದರದ ಕೈ ಮರಕ್ಕೆ ಹೆದರುತ್ತದೆಯೇ? ಈಳಿಗೆಮಣೆಯಲ್ಲಿ ಕತ್ತಿ ನಿಂತಿರುತ್ತದೆ, ಕಾಯಿ ಬರುತ್ತದೆ. ಯಂತ್ರದಲ್ಲಿ ಮರ ನಿಂತಿರುತ್ತದೆ, ಕತ್ತಿ ಬರುತ್ತದೆ. ಇಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ.

ಯಂತ್ರ ನಮ್ಮವರದು. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ ವಾರವೇ ಪ್ಯಾರಿಸ್ ಕಾರ್ನರ್ ಕಡೆಯ ಒಂದು ಅಂಗಡಿಯಿಂದ ಕೊಂಡು, ಪುರಸೈವಾಕ್ಕಂನ ನಮ್ಮ ಮನೆಯವರೆಗೂ ಆಟೋದಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಬಂದರು. ಡಬ್ಬದ ಮೇಲೆ ‘ಕಾಂಪೌಂಡ್ ಮೈಟರ್ ಸಾ’ ಎಂದು ಬರೆದಿತ್ತು. ಮೇಜಿನ ಮೇಲೆ ಕೂರುವ ಕರೆಂಟಿನ ಗರಗಸ ಅದು. ಹಲ್ಲುಗಳಿರುವ ದುಂಡಗಿನ ಚಕ್ರ. ಹಿಡಿಯನ್ನು ಒತ್ತಿದರೆ ಮೇಲಿನಿಂದ ಇಳಿದು ಮರ ಕೊಯ್ಯುತ್ತದೆ. ಕೆಳಗಿನ ತಟ್ಟೆ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಮೇಲಿನ ತಲೆ ಪಕ್ಕಕ್ಕೆ ವಾಲುತ್ತದೆ.

“ಯಾವ ಕೋನದಲ್ಲಿ ಬೇಕಾದರೂ ಕೊಯ್ಯಬಹುದು ಕಣೇ,” ಎಂದರು.

ಅದು ಅವರಿಗೆ ಬಹಳ ಹಿಡಿಸಿತ್ತು. ಅದುವರೆಗೆ ಅವರು ಕೈಯಾರೆ ಮಾಡಿದ ಕೆಲಸವೆಲ್ಲ ಒಂದೇ ಕೋನದಲ್ಲಿತ್ತು, ಓರೆ. ಅಡುಗೆಮನೆಯಲ್ಲಿ ಅವರು ಹೊಡೆದ ಹಲಗೆಯ ಮೇಲೆ ಬೆಳಿಗ್ಗೆ ಎಡಗಡೆ ಇಟ್ಟ ಸಾಸಿವೆ ಡಬ್ಬಿ ಸಂಜೆಗೆ ಬಲಗಡೆ ಸಿಗುತ್ತಿತ್ತು. ನೆಂಟರು ಬಂದಾಗ ಅದನ್ನು ತೋರಿಸಿ ನಗುವುದು ನಮ್ಮ ಮನೆಯ ಒಂದು ಪದ್ಧತಿಯೇ ಆಗಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಯಂತ್ರ ತಂದದ್ದು ಗೊಂಬೆಗಳಿಗಾಗಿ. ಅತ್ತೆಯವರ ಕಾಲದ ಗೊಂಬೆಗಳು ಹಿರಿಯ ಮಗನ ಮನೆಯೆಂದು ನಮಗೆ ಬಂದಿದ್ದವು. ಪ್ರತಿ ನವರಾತ್ರಿಗೂ ಟ್ರಂಕು, ಸೂಟ್‌ಕೇಸು, ಬಿಸ್ಕತ್ತಿನ ಡಬ್ಬ ಎಲ್ಲ ಪೇರಿಸಿ, ಮೇಲೊಂದು ಅವರ ಬಿಳಿ ಪಂಚೆ ಹಾಸಿ ಮೆಟ್ಟಿಲು ಮಾಡುತ್ತಿದ್ದರು. “ಮುಂದಿನ ವರ್ಷ ಮರದಲ್ಲೇ ಮಾಡಿಬಿಡ್ತೀನಿ, ಏಳು ಮೆಟ್ಟಿಲು,” ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. ಯಂತ್ರ ಬಂತು. ಮರವೂ ಬಂತು. ಮುಂದಿನ ವರ್ಷ ಬರುವಷ್ಟರಲ್ಲಿ ಅವರು ಇರಲಿಲ್ಲ.

ಸೂತಕದ ವರ್ಷ ಗೊಂಬೆ ಕೂರಿಸಲಿಲ್ಲ. ಅದು ಕಳೆದ ಮೇಲೆ ನವರಾತ್ರಿ ಹತ್ತಿರ ಬಂದಾಗ ಟ್ರಿಪ್ಲಿಕೇನಿನಿಂದ ಶಕುಂತಲಾ ಫೋನ್ ಮಾಡಿದಳು. ನನ್ನ ಓರಗಿತ್ತಿ, ಮೈದುನ ರಘುವಿನ ಹೆಂಡತಿ. ಒಳ್ಳೆಯವಳೇ.

“ಅಕ್ಕ, ಒಬ್ರೇ ಯಾಕೆ ಒದ್ದಾಡ್ತೀರಿ? ಈ ವರ್ಷದಿಂದ ಗೊಂಬೆ ನಮ್ಮನೇಲೇ ಕೂರಿಸಿಬಿಡೋಣ. ಆಮೇಲೆ...” ಎಂದು ತಡವರಿಸಿದಳು. “ಪಟ್ಟದ ಗೊಂಬೆ ಮುತ್ತೈದೆಯರೇ ಇಡಬೇಕು ಅಂತಾರಲ್ವಾ ಅಕ್ಕ. ನಾನಲ್ಲ, ಜನ.”

ಪಟ್ಟದ ಗೊಂಬೆಯೆಂದರೆ ಮರದ ರಾಜ ರಾಣಿ. ಅತ್ತೆ ನನ್ನ ಕೈಗೆ ಕೊಟ್ಟ ಜೋಡಿ. ಮನೆಯಿಂದ ಒಬ್ಬರು ಹೋಗಿಯಾಗಿತ್ತು. ಇನ್ನು ಈ ಇಬ್ಬರೂ ಹೋದರೆ ಪೆಟ್ಟಿಗೆ ತೆಗೆಯಲು ಏನು ಉಳಿಯುತ್ತದೆ ಎಂದು ಯೋಚಿಸುವಷ್ಟರಲ್ಲಿ ಬಾಯಿ ತನ್ನ ಪಾಡಿಗೆ ಮಾತಾಡಿಬಿಟ್ಟಿತು.

“ಆಗಲ್ಲ ಶಕ್ಕು. ಅವರು ಮೆಟ್ಟಿಲು ಮಾಡಿಟ್ಟು ಹೋಗಿದ್ದಾರೆ. ಇಲ್ಲೇ ಕೂರಿಸಬೇಕು.”

“ಭಾವ ಮಾಡಿದ್ದಾರಾ? ಹಾಗಾದ್ರೆ ಅಲ್ಲೇ ಆಗಲಿ. ಅಮಾವಾಸ್ಯೆ ದಿನ ಬಂದು ನೋಡ್ತೀವಿ.”

ಫೋನ್ ಇಟ್ಟು ಹಿಂದಿನ ವೆರಾಂಡಕ್ಕೆ ಹೋದೆ. ಅವರು ಮಾಡಿಟ್ಟು ಹೋದ ಮೆಟ್ಟಿಲು ಉದ್ದುದ್ದ ತುಂಡುಗಳಾಗಿ ಗೋಡೆಗೆ ಒರಗಿ ನಿಂತಿತ್ತು. ಇನ್ನು ಕೊಯ್ಯುವುದೊಂದೇ ಬಾಕಿ.

ಯಂತ್ರವನ್ನು ಡಬ್ಬದಿಂದ ತೆಗೆದರೆ ಅದು ತಲೆ ತಗ್ಗಿಸಿ ನಮಸ್ಕಾರದ ಭಂಗಿಯಲ್ಲಿತ್ತು. ಎತ್ತಿದರೆ ಏಳಲಿಲ್ಲ. ಒಂದೂವರೆ ವರ್ಷ ಯಾರೂ ಮುಟ್ಟದ್ದಕ್ಕೆ ಕೋಪವೆಂದು ಕೊಬ್ಬರಿ ಎಣ್ಣೆ ಬಿಟ್ಟೆ. ಏಳಲಿಲ್ಲ. ಕಣ್ಣಿಗೆ ಕಂಡ ತಿರುಪುಗಳನ್ನೆಲ್ಲ ಒಂದೊಂದಾಗಿ ಸಡಿಲಿಸುತ್ತ ಹೋದೆ. ಕೊನೆಗೆ ಹಿಂಬದಿಯಲ್ಲಿ ಒಂದು ಸಣ್ಣ ಕಡ್ಡಿ ಸಿಕ್ಕಿತು. ಸಾಗಿಸುವಾಗ ತಲೆ ಅಲುಗದಿರಲೆಂದು ಸಿಕ್ಕಿಸಿದ್ದ ಕಡ್ಡಿ. ಎಳೆದೆ. ತಲೆ ಥಟ್ಟನೆ ಎದ್ದು ನಿಂತಿತು. ಎಣ್ಣೆ ಬಾಟಲಿ ಕೆಳಗೆ ಬಿತ್ತು. ನಾನು ಬಾಗಿಲಿಗೆ ಬಂದು ನಿಂತಿದ್ದೆ. ಅಲ್ಲಿಗೆ ಹೇಗೆ ಬಂದೆನೋ ತಿಳಿಯದು. ಸಡಿಲಿಸಿದ ತಿರುಪುಗಳನ್ನೆಲ್ಲ ಮತ್ತೆ ಬಿಗಿ ಮಾಡಿದೆ. ಒಂದನ್ನು ಬಿಟ್ಟು. ಆ ಒಂದರ ವಿಷಯ ಆಮೇಲೆ ಬರುತ್ತದೆ.

ಯಂತ್ರದ ಜೊತೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ನನ್ನ ಇಂಗ್ಲಿಷು ಅದಕ್ಕೆ ಸಾಲದು, ಆದರೆ ಚಿತ್ರಗಳಿದ್ದವು. ಮಾಡಬಾರದ್ದಕ್ಕೆಲ್ಲ ಮೇಲೊಂದು ಕತ್ತರಿ ಗುರುತು. ಅವನ್ನು ವ್ರತಕಥೆಯಷ್ಟು ಶ್ರದ್ಧೆಯಿಂದ ಓದಿದೆ. ಯಂತ್ರವನ್ನು ಮೇಜಿಗೆ ಬೋಲ್ಟು ಹಾಕಿ ಬಿಗಿಯಬೇಕು. ಅವರ ಹಳೆಯ ಬರೆಯುವ ಮೇಜಿಗೆ ಬಿಗಿದೆ. ಚಕ್ರದ ಹತ್ತಿರ ಕೈ ಇಡಬಾರದು. ಮರವನ್ನು ಹಿಡಿಯಲು ತಿರುಪಿನ ಹಿಡಿಕೆಯೇ ಇದೆ. ಸರಿ. ಟೈ ಕಟ್ಟಬಾರದು. ನನ್ನ ಹತ್ತಿರ ಟೈ ಇರಲಿಲ್ಲ. ಒಂದು ಅಪಾಯ ಕಡಿಮೆಯಾಯಿತು. ಬಳೆ ತೊಡಬಾರದು. ಅದನ್ನು ಪುಸ್ತಕಕ್ಕಿಂತ ಮೊದಲೇ ಬೇರೆಯವರು ಹೇಳಿ ಆಗಿತ್ತು.

ಜೋಲಾಡುವ ಬಟ್ಟೆ ಕೂಡದು ಎಂಬಲ್ಲಿ ಸಿಕ್ಕಿಕೊಂಡೆ. ಟೈ ಅಪಾಯವೆಂದರೆ ಸೆರಗು ಅದರ ಮುತ್ತಜ್ಜಿ. ಬೀರು ತೆಗೆದು ಅವರ ಪ್ಯಾಂಟು ಮತ್ತು ಕಂದುಗೀಟಿನ ಶರ್ಟು ತೆಗೆದೆ. ಕೊಟ್ಟುಬಿಡಿ ಎಂದು ಎಲ್ಲರೂ ಹೇಳಿದ್ದರು, ನಾನು ಕೊಟ್ಟಿರಲಿಲ್ಲ. ಪ್ಯಾಂಟಿಗೆ ಲಂಗದ ಲಾಡಿ ಕಟ್ಟಿಕೊಂಡೆ. ಜಡೆ ಸುತ್ತಿ ಟವೆಲ್ ಬಿಗಿದೆ. ಕಣ್ಣಿಗೆ ಅವರ ಸ್ಕೂಟರ್ ಕನ್ನಡಕ, ಕಿವಿಗೆ ಹತ್ತಿ. ದೊಡ್ಡ ಪಿನ್ನಿನ ಪಾಯಿಂಟು ಮನೆಯಲ್ಲಿ ಇದ್ದದ್ದು ಒಂದೇ, ಗ್ರೈಂಡರಿನದು. ಇಡ್ಲಿ ಹಿಟ್ಟನ್ನು ಅರ್ಧಕ್ಕೇ ನಿಲ್ಲಿಸಿ ಅದರ ಪ್ಲಗ್ ತೆಗೆದು ಇದನ್ನು ಹಾಕಿದೆ.

ಗುಂಡಿ ಒತ್ತಿದೆ. ಚಕ್ರ ಕಿರುಚಿತು. ಹಿಡಿಯನ್ನು ಇಳಿಸಿದೆ. ಮರ ಬೆಣ್ಣೆಯ ಹಾಗೆ ಎರಡಾಯಿತು. ಇಷ್ಟು ಸುಲಭದ ಕೆಲಸವನ್ನು ಗಂಡಸರು ಎಷ್ಟು ದೊಡ್ಡದು ಮಾಡುತ್ತಾರೆ ಎಂದುಕೊಂಡು ಇನ್ನೊಂದು ಕೊಯ್ದೆ, ಮತ್ತೊಂದು ಕೊಯ್ದೆ. ಏನೋ ನೆರಳು ಕಂಡಂತಾಗಿ ತಿರುಗಿದರೆ ಪಕ್ಕದ ಪೋರ್ಷನ್ನಿನ ಅಲಮೇಲು ಮಾಮಿ ತಮ್ಮ ವೆರಾಂಡದಲ್ಲಿ ವಡಾಂ ಸಂಡಿಗೆ ಒಣಹಾಕಿದ ಚಾಪೆಯ ಪಕ್ಕ ಕುಸಿದು ಕೂತಿದ್ದರು.

ಮಾಮಿ ತಮಿಳಿನಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಇಷ್ಟು ವರ್ಷದಲ್ಲಿ ಇಬ್ಬರೂ ಬದಲಾಗಿಲ್ಲ, ಇಬ್ಬರಿಗೂ ತೊಂದರೆಯಾಗಿಲ್ಲ. ಓಡಿಹೋಗಿ ನೀರು ಕೊಟ್ಟೆ. ಕನ್ನಡಕ ತೆಗೆದ ಮೇಲೆಯೇ ಅವರು ಕುಡಿದದ್ದು.

“ಏನು ಪದ್ಮಾ ಇದು ವೇಷ? ಬೆನ್ನು ನೋಡಿ ಅವರೇ ಅಂದ್ಕೊಂಡೆ ಮಾ. ಒಂದು ನಿಮಿಷ ‘ಯಾವಾಗ ಬಂದ್ರಿ’ ಅಂತ ಕೇಳೋಕೆ ಬಾಯಿ ತೆಗೆದಿದ್ದೆ.”

ಮಾಮಿ ಒಳಗೆ ಹೋದ ಮೇಲೆ ನಾನು ಬೀರುವಿನ ಕನ್ನಡಿಯ ಮುಂದೆ ನಿಂತು ನನ್ನ ಬೆನ್ನು ನೋಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಕೈಗನ್ನಡಿ ಹಿಡಿದೂ ನೋಡಿದೆ. ಮಾಮಿಗೆ ಕಂಡದ್ದು ನನಗೆ ಕಾಣಲಿಲ್ಲ. ಕತ್ತು ಮಾತ್ರ ಉಳುಕಿತು.

ಉಳುಕಿದ ಕತ್ತಿನಿಂದಲೇ ಏಳು ಮೆಟ್ಟಿಲು ಜೋಡಿಸಿ ಮೊಳೆ ಹೊಡೆದೆ. ದೂರ ನಿಂತು ನೋಡಿದರೆ ಅದು ಸಂಜೆ ಆಫೀಸು ಬಿಟ್ಟ ಹೊತ್ತಿನ ಬಸ್ಸಿನ ಹಾಗೆ ಎಡಕ್ಕೆ ವಾಲಿತ್ತು. ನನ್ನ ಕತ್ತೇ ವಾಲಿರಬಹುದು ಎಂದು ಮಾಮಿಯನ್ನು ಕರೆದೆ.

“ಕತ್ತು ಸರಿಯಾಗಿದೆ. ಮೆಟ್ಟಿಲೇ ಬೀಳೋ ಹಾಗಿದೆ,” ಎಂದರು.

ಮೇಲಿನ ಮೆಟ್ಟಿಲು ತೆಗೆದೆ. ಆರು ಉಳಿಯಿತು. ಆದರೆ ಗೊಂಬೆಯ ಮೆಟ್ಟಿಲು ಬೆಸವೇ ಇರಬೇಕು. ಆರು ಮೆಟ್ಟಿಲಿನ ಗೊಂಬೆ ಈ ಊರಿನ ಯಾವ ಮನೆಯಲ್ಲೂ ಇಲ್ಲ. ಹಾಗಾಗಿ ಯಾವ ತಪ್ಪೂ ಮಾಡದ ಆರನೆಯ ಮೆಟ್ಟಿಲೂ ಹೋಯಿತು. ಒಂದು ಕೆಟ್ಟರೆ ಎರಡು ಹೋಗುವ ಈ ಲೆಕ್ಕವನ್ನು ನಾನು ಮೊದಲೇ ಗಮನಿಸಬೇಕಿತ್ತು.

ಐದು ಮೆಟ್ಟಿಲನ್ನು ನೇರ ಮಾಡಲು ಬಲಗಡೆಯ ಕಾಲುಗಳನ್ನು ಬಿಚ್ಚಿ ಒಂದಿಷ್ಟು ಕೊಯ್ದೆ. ಈಗ ಬಲಕ್ಕೆ ವಾಲಿತು. ಎಡಗಡೆಯದನ್ನು ಕೊಯ್ದೆ. ಎಡಕ್ಕೆ ಬಂತು. ಹೀಗೆ ಎಡಬಲ ಸಮಾಧಾನ ಮಾಡುತ್ತ ಮೆಟ್ಟಿಲು ಎತ್ತರದಲ್ಲಿ ಇಳಿಯುತ್ತ ಹೋಯಿತು. ನಡುವೆ ಒಮ್ಮೆ ಆತುರಕ್ಕೆ, ಚಕ್ರ ಇನ್ನೂ ತಿರುಗುತ್ತಿರುವಾಗಲೇ ಹಿಡಿಯನ್ನು ಎತ್ತಿಬಿಟ್ಟೆ. ಬೆರಳುದ್ದದ ಒಂದು ತುಂಡು ಹಾರಿ ಹೋಗಿ ಮಾಮಿಯ ವಡಾಂ ಚಾಪೆಯ ನಡುಮಧ್ಯೆ ಬಿತ್ತು.

“ಪದ್ಮಾ, ಇದನ್ನೂ ಎಣ್ಣೇಲಿ ಕರೀಲಾ?” ಎಂದು ಮಾಮಿ ಆ ಕಡೆಯಿಂದ ಕೇಳಿದರು.

ಪುಸ್ತಕ ನೋಡಿದೆ. ಚಕ್ರ ಪೂರ್ತಿ ನಿಂತ ಮೇಲೆಯೇ ತಲೆ ಎತ್ತಬೇಕು ಎಂದು ಅದಕ್ಕೂ ಒಂದು ಚಿತ್ರವಿತ್ತು. ಅಂದಿನಿಂದ ಗುಂಡಿ ಬಿಟ್ಟು, ಗಣಪತಿ ಶ್ಲೋಕ ಒಂದು ಪೂರ್ತಿ ಹೇಳಿ, ಆಮೇಲೆ ಎತ್ತುತ್ತಿದ್ದೆ. ಇಡೀ ಕಾರ್ಯಕ್ರಮದಲ್ಲಿ ನನ್ನ ಮೈಗೆ ಒಂದು ಗೀರೂ ಆಗಲಿಲ್ಲ. ಗಾಯವೆಲ್ಲ ಮರಕ್ಕೇ.

ಐದು ಮೂರಾಯಿತು. ಮೂರೂ ವಾಲಿತ್ತು. ಅಮಾವಾಸ್ಯೆಗೆ ಒಂದೇ ದಿನವಿದೆ ಎನ್ನುವಾಗ ನಾನು ಮರದ ಪುಡಿಯ ನಡುವೆ ಕೂತುಬಿಟ್ಟೆ. ರಾಜ ರಾಣಿಯರನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಿಪ್ಲಿಕೇನಿಗೆ ಕಳಿಸುವುದು, ಕಳಿಸಿ ಬಂದು ಬೀರು ಮುಚ್ಚುವುದು, ಎಲ್ಲವನ್ನೂ ಮನಸ್ಸಿನಲ್ಲಿ ಮಾಡಿ ನೋಡಿದೆ. ಆಗ ಮಾಮಿ ಕಾಫಿ ತಂದರು. ಲೋಟ ಕೊಟ್ಟು, ಯಂತ್ರದ ಎದುರಿಗೆ ನಿಂತು, ತಾವೂ ತಲೆ ಓರೆ ಮಾಡಿ ನೋಡಿದರು.

“ಅಲ್ಲ ಮಾ, ಈ ಮೆಷಿನ್ನೇ ತಲೆ ವಾಲಿಸಿಕೊಂಡು ನಿಂತಿದೆಯಲ್ಲ?”

ನಿಂತಿತ್ತು. ಬಿಗಿಯಲು ಮರೆತ ಆ ಒಂದು ತಿರುಪು, ತಲೆಯನ್ನು ಪಕ್ಕಕ್ಕೆ ವಾಲಿಸುವ ತಿರುಪು. ನಾನು ಮೊದಲ ದಿನದಿಂದ ಕೊಯ್ದದ್ದೆಲ್ಲ ಓರೆ. ಓರೆಯನ್ನು ಓರೆಯಿಂದ ಸರಿಮಾಡಲು ಅಷ್ಟೂ ಮರ ಖರ್ಚು ಮಾಡಿದ್ದೆ. ತಲೆಯನ್ನು ನೇರ ನಿಲ್ಲಿಸಿ ತಿರುಪು ಬಿಗಿದೆ. ಅಷ್ಟು ಹೊತ್ತಿಗೆ ನೇರವಾಗಿ ಕೊಯ್ಯಲು ಮರವೇ ಉಳಿದಿರಲಿಲ್ಲ. ಇದ್ದ ಓರೆ ಕಾಲುಗಳಲ್ಲಿ ನಾಲ್ಕು ಆರಿಸಿ, ಮೇಲೆ ಹಲಗೆ ಹೊಡೆದೆ. ಒಂದು ಮೆಟ್ಟಿಲಾಯಿತು.

“ಒಂದೂ ಬೆಸವೇ,” ಎಂದು ಮಾಮಿ ಸಮಾಧಾನ ಹೇಳಿದರು.

ಅಮಾವಾಸ್ಯೆಯ ಬೆಳಿಗ್ಗೆ ಅದರ ಮೇಲೆ ಅವರ ಪಂಚೆ ಹಾಸಿದೆ. ಪಂಚೆ ಎಲ್ಲ ತಪ್ಪನ್ನೂ ಮುಚ್ಚುತ್ತದೆ, ಇಳಿಜಾರನ್ನು ಮುಚ್ಚುವುದಿಲ್ಲ. ಉಳಿದ ಗೊಂಬೆಗಳನ್ನು ಕೆಳಗೆ ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಪಟ್ಟದ ಗೊಂಬೆಗಳು ಮಾತ್ರ ಪೆಟ್ಟಿಗೆಯಲ್ಲೇ ಇದ್ದವು. ಇಡುವವರು ಯಾರು ಎಂಬುದು ತೀರ್ಮಾನವಾಗಿರಲಿಲ್ಲ.

ಶಕುಂತಲಾ ಮತ್ತು ರಘು ಬಂದರು. ಮಾಮಿಯೂ ಬಂದು ಬಾಗಿಲ ಹತ್ತಿರ ನಿಂತರು. ಶಕುಂತಲಾ ಮೆಟ್ಟಿಲನ್ನು ನೋಡಿದಳು. ಬಗ್ಗಿ ಪಂಚೆಯನ್ನು ಎತ್ತಿ ಕಾಲುಗಳನ್ನು ನೋಡಿದಳು. ಒಂದು ಮೂಲೆಯನ್ನು ಒತ್ತಿದಳು. ಎದುರಿನ ಮೂಲೆ ಎದ್ದಿತು. ಈಗ ಕೇಳುತ್ತಾಳೆ ಎಂದುಕೊಂಡೆ.

“ಭಾವನ ಕೈಕೆಲಸವೇ,” ಎಂದಳು. “ನೋಡಿದ ಕೂಡ್ಲೆ ಗೊತ್ತಾಗುತ್ತೆ ಬಿಡಿ ಅಕ್ಕ. ಇನ್ಯಾರಿಗೂ ಹೀಗೆ ಬರಲ್ಲ.”

ರಘು ನಕ್ಕ. ಸಾಸಿವೆ ಡಬ್ಬಿಯ ಮಾತು ತೆಗೆದ. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡ, ಬಹಳ ಹೊತ್ತು ಒರೆಸಿದ. ಮಾಮಿ ಬಾಯಿ ತೆರೆದದ್ದು ನೋಡಿ ಬೇಡವೆಂದು ಕಣ್ಸನ್ನೆ ಮಾಡಿದೆ.

“ಆಮಾಂ, ಹೌದು,” ಎಂದರು ಮಾಮಿ. “ನಾನೇ ಕಣ್ಣಾರೆ ನೋಡಿದೆ. ಆ ಕಂದುಗೀಟಿನ ಶರ್ಟು ಹಾಕ್ಕೊಂಡು, ಈ ಕಡೆ ಬೆನ್ನು ಮಾಡಿ, ಮೆಷಿನ್ ಹತ್ರ ನಿಂತಿದ್ದರು.”

ಯಾವಾಗ ಎಂದು ಶಕುಂತಲಾ ಕೇಳಲಿಲ್ಲ. ಮಾಮಿಯೂ ಹೇಳಲಿಲ್ಲ. ಶಕುಂತಲಾ ಪೆಟ್ಟಿಗೆಯಿಂದ ಪಟ್ಟದ ಗೊಂಬೆಗಳನ್ನು ತೆಗೆದು, ಒಂದು ಕ್ಷಣ ಹಿಡಿದುಕೊಂಡಿದ್ದು, ಎರಡನ್ನೂ ನನ್ನ ಕೈಗೆ ಕೊಟ್ಟಳು.

“ಭಾವ ಮಾಡಿರೋ ಮೆಟ್ಟಿಲು. ನೀವೇ ಇಡಬೇಕು.”

ಇಟ್ಟೆ. ರಾಜ ಇಳಿಜಾರಿನಲ್ಲಿ ಮೆಲ್ಲಗೆ ಜಾರಿ ರಾಣಿಯ ಭುಜಕ್ಕೆ ಒರಗಿದ. ಎತ್ತಿ ನೇರ ನಿಲ್ಲಿಸಿದೆ. ಮತ್ತೆ ಒರಗಿದ. ಹಬ್ಬ ಮುಗಿಯುವವರೆಗೂ ಬೆಳಿಗ್ಗೆ ನೇರ ಮಾಡುವುದು, ಸಂಜೆಗೆ ಒರಗಿರುವುದು ನಡೆಯಿತು. ಆಮೇಲಾಮೇಲೆ ಬೆಳಿಗ್ಗೆಯೂ ಮುಟ್ಟಲಿಲ್ಲ.

ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಮೆಟ್ಟಿಲು ಅಲುಗಾಡಿಸಿ ನೋಡಿ, ನಮ್ಮವರ ಹೆಸರು ಹೇಳಿ ನಕ್ಕು ಹೋದರು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಹೂವು ಏರಿಸಿದೆ. ಅದರ ತಲೆ ಈಗ ನೆಟ್ಟಗಿದೆ. ಏಳು ಮೆಟ್ಟಿಲಿನ ಮರದಲ್ಲಿ ಒಂದು ಮೆಟ್ಟಿಲು ಮಾಡಿದವಳು ನಾನು. ಅದನ್ನು ಮಾಡಿದ ಹೆಸರು ಕೂಡ ನನಗೆ ಬರಲಿಲ್ಲ. ಮುಂದಿನ ವರ್ಷಕ್ಕೆ ಮೂರು ಮಾಡಬೇಕೆಂದು ಆಸೆಯಿದೆ. ಈಗಂತೂ ನೇರವಾಗಿ ಕೊಯ್ಯಲು ಬರುತ್ತದೆ. ಆದರೆ ನೇರವಾಗಿದ್ದರೆ ಅವರು ಮಾಡಿದ್ದೆಂದು ಯಾರು ತಾನೇ ನಂಬುತ್ತಾರೆ?